ಜಜ್ಜಿದ ಬಾಗಿಲಿನ ಗಾಡಿ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನೋಡ್ರಪ್ಪ, ಎರಡು ಗಾಡಿ ಎಣಿಸೋಕೆ ಬರಲ್ಲ — ಶೂಟಿಂಗ್ ಮ್ಯಾನೇಜರ್ ಇದನ್ನು ಹತ್ತಿರ ಕರೆದು ಹೇಳಲಿಲ್ಲ, ಕೈಯಲ್ಲಿದ್ದ ಮೈಕಿನಲ್ಲಿ ಹೇಳಿದ, ಮಾತು ಕ್ವಾರಿಯ ಬಂಡೆಗೆ ಬಡಿದು ಇನ್ನೊಂದು ಸಲ ವಾಪಸ್ಸು ಬಂತು, ಬರಲ್ಲ, ಬರಲ್ಲ, ಲೈಟಿನವರು ನಕ್ಕರು, ಮೇಕಪ್ಪಿನವಳು ಬಾಯಿಗೆ ಬ್ರಷ್ ಅಡ್ಡ ಹಿಡಿದು ನಕ್ಕಳು, ಟೀಯವನೂ ನಕ್ಕ, ಬೆಳಿಗ್ಗೆ ಅವನ ಸ್ಟೋವ್ ಬಿಚ್ಚಿ ಸರಿ ಮಾಡಿಕೊಟ್ಟವನು ನಾನು. ನಗಲಿ. ಮಣ್ಣುದಾರಿಯ ಈ ತುದಿಯಲ್ಲಿ ಮಾವನ ಗಾಡಿ, ಹಳೇ ಹಸಿರು ಕಾರು, ನಿಂತಿದೆ, ಹಿಂದಿನ ಗಾಜಿನ ಮೇಲೆ ಇಳಿಬಿಸಿಲು, ಹೊಟ್ಟೆಯ ಕೆಳಗೆ ಕೊಕ್ಕೆ, ಕೊಕ್ಕೆಗೆ ಉಕ್ಕಿನ ಹಗ್ಗ, ಹಗ್ಗ ಕ್ವಾರಿಯ ಅಂಚಿನ ರಾಟೆ ಸುತ್ತಿ ಲಾರಿಗೆ — ಲಾರಿ ಹೊರಟರೆ ನೂರು ಹೆಜ್ಜೆ ದಾರಿ, ಆಮೇಲೆ ಬರೀ ಗಾಳಿ, ಆಮೇಲೆ ಕ್ವಾರಿಯ ತಳ. ಬೀಳಬೇಕಾದದ್ದು ಇದಲ್ಲ. ಬೀಳಬೇಕಾದದ್ದು ಗುಜರಿಯಿಂದ ತಂದ ಖಾಲಿ ತಗಡು, ಎಂಜಿನ್ ಇಲ್ಲ, ಸೀಟಿಲ್ಲ, ಅದಕ್ಕೂ ಇದೇ ಹಸಿರು ಬಣ್ಣ ಹೊಡೆದವನು ನಾನೇ, ಸೆಟ್ಟಿನಲ್ಲಿ ಎಲ್ಲರೂ ಇದನ್ನು ಅಣ್ಣ ಅದನ್ನು ತಮ್ಮ ಅನ್ನುತ್ತಿದ್ದರು, ಅಣ್ಣನಲ್ಲಿ ಹೀರೋ ಹತ್ತಬೇಕು ಇಳಿಯಬೇಕು, ತಮ್ಮ ಸಾಯಬೇಕು, ಅಷ್ಟೇ ಮಾತಾಗಿತ್ತು. ಅಷ್ಟಕ್ಕೇ ಮಾವ ಒಪ್ಪಿದ್ದು. ಮಾವ ಅಂದರೆ ನನ್ನ ಅಮ್ಮನ ಒಡಹುಟ್ಟಿದವನು, ನನ್ನನ್ನು ಮೇಷ್ಟರು ಹೊರಗೆ ಹಾಕಿದ ದಿನ ಏನೂ ಕೇಳದೆ ಕೈಗೆ ಸ್ಪ್ಯಾನರ್ ಕೊಟ್ಟವನು, ಈಗ ಅವನ ಕೈ ಎಷ್ಟು ನಡುಗುತ್ತದೆಂದರೆ ಸ್ಪ್ಯಾನರ್ ನಟ್ಟಿನ ಮೇಲೆ ಕೂರುವುದಿಲ್ಲ, ಆದರೂ ದಿನಾ ಬೆಳಿಗ್ಗೆ ಆ ಬಾನೆಟ್ ಒರೆಸುತ್ತಾನೆ, ಒಂಬತ್ತು ವರ್ಷ ಇಬ್ಬರೂ ಸೇರಿ ತುಕ್ಕಿನಿಂದ ಎಬ್ಬಿಸಿದ ಗಾಡಿ, ಅದರ ಬಾಗಿಲು ಮುಚ್ಚಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕೊಡಲ್ಲ ಕಣೋ ಅಂದಿದ್ದ. ಕೊಡು ಮಾವ, ಒಂದು ಗೀರೂ ಬೀಳದ ಹಾಗೆ ನಾನೇ ಓಡಿಸಿಕೊಂಡು ವಾಪಸ್ ತರ್ತೀನಿ ಅಂದೆ, ನಾನೇ ಅಂದೆ, ಎದೆ ತಟ್ಟಿಕೊಂಡು ಅಂದೆ.

ಎಲ್ಲಾ ಆ ಬಾಗಿಲಿಂದ. ಸಿನಿಮಾದಲ್ಲಿ ಬೀಳುವ ಮೊದಲು ಗಾಡಿಯ ಎಡಗಡೆ ಬಾಗಿಲು ಜಜ್ಜಿರಬೇಕಂತೆ, ಸುತ್ತಿಗೆ ತಗೊಂಡು ಅಣ್ಣನಿಗೆ ಎರಡು ಬಿಡು ಅಂದ ಮ್ಯಾನೇಜರ್, ನನ್ನ ಕೈಗೆ ಎರಡು ಬಿಡಿ ಬೇಕಾದರೆ ಅಂದೆ, ತಮ್ಮನ ಅದೇ ಬಾಗಿಲು ಹೇಗೂ ಲಾರಿಯಿಂದ ಇಳಿಸುವಾಗ ಜಜ್ಜಿತ್ತು, ಅದನ್ನು ಬಿಚ್ಚಿ ಅಣ್ಣನಿಗೆ ಹಾಕಿದೆ, ಮಾವನ ಬಾಗಿಲನ್ನು — ಬಾಗಿಲನ್ನು ಗೋಡೆಗೆ ಒರಗಿಸಬೇಡ, ಸೊಟ್ಟಗಾಗುತ್ತೆ, ಬಾಗಿಲಿಗೆ ಕೀಲೇ ಹಾಸಿಗೆ, ಮಾವ ನೂರು ಸಲ ಹೇಳಿದ್ದು — ಅದಕ್ಕೇ ತಮ್ಮನ ಕೀಲಿಗೆ ತೂಗಿಹಾಕಿದೆ, ಬೀಳಿಸುವ ಮೊದಲು ವಾಪಸ್ ಬದಲಾಯಿಸಿದರಾಯಿತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳುವುದೇನು, ನನ್ನ ಕೆಲಸ ನನಗೆ ಗೊತ್ತು ಅನ್ನುವ ಕೊಬ್ಬು. ಹೀರೋ ಹತ್ತಿ ಇಳಿದು ಮುಗಿಯುವಾಗ ನಾಲ್ಕು ಗಂಟೆ, ಆಮೇಲೆ ನಾನು ಉಣ್ಣಲು ಹೋದೆ, ಇವರು ಜಜ್ಜಿದ ಬಾಗಿಲಿನದೇ ತಮ್ಮ ಅಂದುಕೊಂಡು ಅದನ್ನೇ ತಳ್ಳಿಕೊಂಡು ಬಂದರು. ತಳ್ಳೋವಾಗ ಯಾಕೋ ಭಾರ ಅನ್ನಿಸ್ತು ಕಣಣ್ಣ ಅಂದ ಲಾರಿ ಡ್ರೈವರ್, ತಲೆ ಕೆರೆದುಕೊಳ್ಳುತ್ತ. ಅನ್ನಿಸಿತಂತೆ. ಓಡಿ ಬಂದು ಮ್ಯಾನೇಜರಿಗೆ ಹೇಳಿದೆ, ಸರ್ ಇದು ಅಣ್ಣ, ಬಾನೆಟ್ ಎತ್ತಿ ನೋಡಿ, ಎಂಜಿನ್ ಇದೆ, ಟ್ಯಾಂಕಿನ ತುಂಬ ಪೆಟ್ರೋಲ್ ಇದೆ. ಹೌದಾ, ಒಳ್ಳೇದೇ ಆಯ್ತಲ್ಲ, ಬೆಂಕಿ ಚೆನ್ನಾಗಿ ಬರುತ್ತೆ ಅಂದ. ಸರ್ ಹತ್ತು ನಿಮಿಷ, ತಳ್ಳಿ ಬದಲಾಯಿಸ್ತೀನಿ. ಇಳಿಬಿಸಿಲಲ್ಲೇ ತೆಗೀಬೇಕು, ಬಿಸಿಲನ್ನ ನಿಮ್ಮ ಮಾವ ಹಿಡ್ಕೊಂಡಿರ್ತಾನಾ ಅಂದ. ಸರ್ ಮಾತು ಕೊಟ್ಟಿದ್ದೀನಿ. ಆಗಲೇ ಅವನು ಮೈಕು ಎತ್ತಿದ್ದು.

ಹೊಡೆಯಬಹುದು. ಅವನ ಮೂಗು ನನ್ನ ಹಣೆಯ ಎತ್ತರಕ್ಕೇ ಇದೆ, ಒಂದು ಸಾಕು, ಹಿಂದೆ ಹೊಡೆದಿದ್ದೇನೆ, ಮೇಷ್ಟರ ಮಗನಿಗೆ, ಪೇಂಟಿನ ಅಂಗಡಿಯವನಿಗೆ, ಪ್ರತಿ ಸಲ ಮಾವ ಹೋಗಿ ಕೈ ಮುಗಿದು ಬಿಡಿಸಿಕೊಂಡು ಬಂದ, ಕೋಪದಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬರುತ್ತೇನೋ ಮಗನೇ ಅಂದ — ಹೊಡೆದರೆ ನಾಲ್ಕು ಜನ ನನ್ನನ್ನು ಎಳೆದು ಕೂರಿಸುತ್ತಾರೆ, ಆಮೇಲೆ ಲಾರಿ ಹೊರಡುತ್ತದೆ, ನಾನು ನೆಲಕ್ಕೆ ಕೆನ್ನೆ ಕೊಟ್ಟು ಆ ಸದ್ದು ಕೇಳಬೇಕು. ಲೇ, ಲೆಕ್ಕ ತಪ್ಪಿದ್ದು ನಾನೇ ಅಂತ ಎಲ್ಲರ ಮುಂದೆ ಒಪ್ಕೋ, ಸಾಕು — ಮೈಕು ಇನ್ನೂ ಅವನ ಬಾಯಲ್ಲೇ ಇದೆ. ಸೂರ್ಯ ಬಂಡೆಯ ನೆತ್ತಿಗಿಂತ ಒಂದೇ ಗೇಣು ಮೇಲೆ. ಮುಂದೆ ದಾರಿ. ಮಧ್ಯಾಹ್ನದಿಂದ ಆರು ಜನ ಬಗ್ಗಿ ಕಲ್ಲು ಆರಿಸಿ, ಹಲ್ಲಿನ ಹಲುಬೆ ಎಳೆದು ಸಮ ಮಾಡಿ, ನೀರು ಚಿಮುಕಿಸಿ, ಮಗುವಿನ ಬೆನ್ನಿನ ಹಾಗೆ ನುಣ್ಣಗೆ ಮಾಡಿದ ಮಣ್ಣು, ಯಾರೂ ಯಾವತ್ತೂ ನಡೆಯದ ದಾರಿ ಅಂತ ಕಾಣಬೇಕಂತೆ, ಒಂದು ಹೆಜ್ಜೆ ಬಿದ್ದರೂ ಮೊದಲಿಂದ ಎಳೆಯಬೇಕು, ಎಳೆಯಲು ಒಂದು ಗಂಟೆ, ಅಷ್ಟರಲ್ಲಿ ಬಿಸಿಲು ಎಲ್ಲಿ. ಚಪ್ಪಲಿ ಬಿಡಲಿಲ್ಲ. ಹಗ್ಗದ ಪಕ್ಕ ದಾಟಿ ಮಣ್ಣಿಗೆ ಕಾಲಿಟ್ಟೆ, ಹಿಮ್ಮಡಿ ಹೂತಿತು, ತೆಗೆದೆ, ಇನ್ನೊಂದು, ಹಿಂದೆ ನಗು ನಿಂತಿತು, ಲೇ, ಲೇ, ಯಾರಿಗೋ ಹೇಳ್ತಿರೋದು, ದಾರಿ ಹಾಳಾಯ್ತು, ನಿಲ್ಲೋ, ಉತ್ತರ ಕೊಡೋ, ಕೊಡೋ, ಕೊಡೋ ಅಂತ ಬಂಡೆ ಕೂಗುತ್ತಿದೆ, ನಾನು ನಡುದಾರಿಯಲ್ಲಿ ನಡೆಯುತ್ತಿದ್ದೇನೆ, ನಿಧಾನವಾಗಿ, ಒತ್ತಿ ಒತ್ತಿ, ಹಸಿ ಮಣ್ಣಲ್ಲಿ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಇನ್ನೊಂದು