ಓತ್ವ ಬಿಟ್ಟ ಕೊಳೆ

ಅಕ್ಕ ಬೆಳಿಗ್ಗೆ ಬೆಳಿಗ್ಗೆಯೇ ಬಂದಳು. ಕಂಕುಳಲ್ಲಿ ಒಂದು ಗಂಡು ಬಾತುಕೋಳಿ ಇತ್ತು. ತಮ್ಮನ ಉಣ್ಣೆ ತೊಳೆಯುವ ಅಂಗಳದಲ್ಲಿ ಆಗಿನ್ನೂ ಒಲೆಗಳಿಗೆ ಬೆಂಕಿ ಹತ್ತಿಸುತ್ತಿದ್ದರು. ಅಕ್ಕ ಯಾರನ್ನೂ ಮಾತಾಡಿಸದೆ ಬಾವಿಯ ಪಕ್ಕದ ಕಲ್ಲುತೊಟ್ಟಿಯ ಹತ್ತಿರ ಹೋಗಿ, ಬಾತನ್ನು ನೀರಿಗೆ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಆ ಬಾತಿಗೆ ಅವಳು ಇಟ್ಟ ಹೆಸರು ಮೇಷ್ಟ್ರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಕ್ಕಳ ಸಾಲಿನ ನಡುವೆ ನಡೆಯುವವರ ಹಾಗೆ ಅದರ ನಡಿಗೆ.

"ನೋಡೋ ಇಲ್ಲಿ. ಎಷ್ಟು ಕಾಣ್ತಿದೆ?"

ತಮ್ಮ ಕೈಯೊರೆಸಿಕೊಳ್ಳುತ್ತ ಬಂದು ನೋಡಿದ. "ಯಾಕಕ್ಕ, ಪೂರ್ತಿ ಕಾಣ್ತಿದೆಯಲ್ಲ."

"ಪೂರ್ತಿ ಅಲ್ಲ ಕಣೋ, ಕಣ್ಣು ಬಿಟ್ಟು ನೋಡು. ಕುತ್ತಿಗೆ, ಬೆನ್ನು, ಬಾಲದ ತುದಿ. ಪಕ್ಕೆ ಎಲ್ಲಿ? ಬಾತು ಅಂದ್ರೆ ನೀರಿನ ಮೇಲೆ ಕೂತಿರಬೇಕು. ಇದು ನೀರೊಳಗೆ ಕೂತಿದೆ."

ಹೌದು, ಮೇಷ್ಟ್ರು ಭಾರ ಹೇರಿದ ದೋಣಿಯ ಹಾಗೆ ತಗ್ಗಿಹೋಗಿತ್ತು. ಮೇಲೆತ್ತಿದಾಗ ರೆಕ್ಕೆಪುಕ್ಕ ಹಿಂಡಿದ ಬಟ್ಟೆಯಂತೆ ಮೈಗಂಟಿ, ಪಾಪದ್ದು ನಡುಗಿತು. ಬಾತು ತನ್ನ ಮೈಯ ಎಣ್ಣೆಯನ್ನು ಕೊಕ್ಕಿನಿಂದ ಪುಕ್ಕಕ್ಕೆ ಹಚ್ಚಿಕೊಳ್ಳುತ್ತದೆ. ಆ ಎಣ್ಣೆ ಇರುವವರೆಗೆ ಅದಕ್ಕೆ ನೀರು ತಾಗುವುದಿಲ್ಲ. ಸೋಪಿನ ನೀರು ಅದನ್ನು ತೊಳೆದುಬಿಡುತ್ತದೆ. ಸೋಪಿನ ನೀರು ಎಲ್ಲಿಂದ ಬರುತ್ತಿತ್ತೆಂದು ಅಲ್ಲಿದ್ದವರು ಯಾರೂ ಕೇಳಲಿಲ್ಲ. ಅಂಗಳದ ಬೂದುಬಣ್ಣದ ನೀರು ಅವರ ಕಾಲಬುಡದಲ್ಲೇ ಕಾಲುವೆಯಾಗಿ ಹರಿದು ಹಳ್ಳ ಸೇರುತ್ತಿತ್ತು. ಹಳ್ಳ ಅರ್ಧ ಗಂಟೆಯ ನಡಿಗೆಯಷ್ಟು ಕೆಳಗೆ ಅಕ್ಕನ ಕೊಳ ಸೇರುತ್ತಿತ್ತು.

"ಹೆಣ್ಣು ಬಾತು ಇವತ್ತು ಕಾವಿಗೆ ಕೂತಿದೆ," ಅಂದಳು ಅಕ್ಕ. "ಹನ್ನೊಂದು ಮೊಟ್ಟೆ. ಮರಿ ಆಗೋಕೆ ಇಪ್ಪತ್ತೆಂಟು ದಿನ. ಮಾರನೇ ದಿನಕ್ಕೆ ತಾಯಿ ಅವನ್ನ ನೀರಿಗಿಳಿಸ್ತಾಳೆ. ಅಷ್ಟರೊಳಗೆ ನಿನ್ನ ನೀರು ನೆಟ್ಟಗಾಗಬೇಕು. ಆಗದಿದ್ರೆ ಇರೋ ಬಾತೆಲ್ಲ ಕೊಟ್ಟುಬಿಟ್ಟು, ಟ್ರಂಕು ಹೊತ್ಕೊಂಡು ನಿನ್ನ ಮನೆಗೇ ಬಂದ್ಬಿಡ್ತೀನಿ."

ಒಳಗೆ ಅಡುಗೆಮನೆಯಲ್ಲಿ ಏನೋ ಠಣ್ಣೆಂದು ಬಿತ್ತು. ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. "ರೀ," ಅಂದಳು ಮೆಲ್ಲಗೆ, "ನೀರು ಸರಿ ಮಾಡ್ರಿ."

ಅಕ್ಕ ಹೋದ ಮೇಲೆ ಕೆಲಸದ ಹೆಂಗಸರು ನಕ್ಕರು. ತಮ್ಮ ಮಾತ್ರ ನಗಲಿಲ್ಲ. ಬಾತು ಕೊಟ್ಟುಬಿಡುತ್ತೇನೆ ಅನ್ನುವಾಗ ಅಕ್ಕ ತನ್ನ ಮುಖ ನೋಡಿರಲಿಲ್ಲ, ತೊಟ್ಟಿಯನ್ನು ನೋಡುತ್ತಿದ್ದಳು. ಗಂಡ ಹೋದ ಮೇಲೆ ಯಾರ ಮುಂದೆಯೂ ಕೈಯೊಡ್ಡದೆ ಅವಳು ಬದುಕಿದ್ದು ಆ ಬಾತುಗಳಿಂದ.

ತಮ್ಮನನ್ನು ಊರಿನವರು ಜಿಡ್ಡಪ್ಪ ಅನ್ನುತ್ತಿದ್ದರು. ಹಸಿ ಉಣ್ಣೆಯಲ್ಲಿ ಕುರಿಯ ಮೈಜಿಡ್ಡು ಎಷ್ಟಿರುತ್ತದೆಂದರೆ, ಅವನು ಮುಟ್ಟಿದ ಬಾಗಿಲ ಚಿಲಕವೂ ಜಾರುತ್ತಿತ್ತು. ಕುರಿಗಾಹಿಗಳಿಂದ ಉಣ್ಣೆ ತಂದು, ಕುದಿನೀರು ಸೋಪು ಹಾಕಿ ತೊಳೆದು, ಒಣಗಿಸಿ, ಕಂಬಳಿ ನೇಯುವ ಮಗ್ಗದ ಸಾಹುಕಾರನಿಗೆ ಕೊಡುವುದು ಅವನ ಕಸುಬು. ಆರು ಜನ ಹೆಂಗಸರು ಅವನಲ್ಲಿ ಕೆಲಸಕ್ಕಿದ್ದರು. ಅಂಗಳ ಮುಚ್ಚಿದರೆ ಆ ಆರು ಮನೆಗೆ ಕೂಳಿಲ್ಲ, ಮುಚ್ಚದಿದ್ದರೆ ಅಕ್ಕನ ಕೊಳ ಹಾಳು. ಮಧ್ಯಾಹ್ನದವರೆಗೂ ಅವನು ಕಾಲುವೆಯ ದಂಡೆಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

ಕೆಲಸದವರಲ್ಲೆಲ್ಲ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವಳು ಬಂದು ಪಕ್ಕದಲ್ಲಿ ಕೂತಳು.

"ಹೀಗೆ ಕೂತ್ರೆ ನೀರು ತಿಳಿಯಾಗತ್ತಾ ಯಜಮಾನ್ರೇ?"

"ಏನ್ ಮಾಡ್ಲಿ ಹೇಳು ದೊಡ್ಡಮ್ಮ. ಸೋಪಿಲ್ದೆ ಉಣ್ಣೆ ತೊಳೆಯೋಕಾಗತ್ತಾ?"

"ನಮ್ಮಜ್ಜಿ ಸೋಪು ಕಂಡೇ ಇರಲಿಲ್ಲ. ಉಣ್ಣೆನ ತಣ್ಣೀರಲ್ಲಿ ನೆನೆಹಾಕಿ ಒಂದು ವಾರ ಮರೆತುಬಿಡೋಳು. ಕುರಿ ಬೆವರು ಅದರಲ್ಲೇ ಇರತ್ತಲ್ಲ, ಅದೇ ಅರ್ಧ ಸೋಪಿನ ಕೆಲಸ ಮಾಡತ್ತೆ. ಆದ್ರೆ ನಾತ ಮಾತ್ರ, ದೇವ್ರೇ! ಅಜ್ಜನ್ನ ಹುಡುಕೋಕೆ ಪಕ್ಕದೂರಿಗೆ ಹೋಗ್ಬೇಕಾಗ್ತಿತ್ತು."

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಮಾರನೆಯ ದಿನ ಎರಡು ತೊಟ್ಟಿಯಲ್ಲಿ ನೆನೆಹಾಕಿದರು. ವಾರವಾಗುವಷ್ಟರಲ್ಲಿ ಎದ್ದ ನಾತಕ್ಕೆ ಅಂಚೆಯವನು ಕಾಗದಗಳನ್ನು ಬೇಲಿಯ ಹೊರಗೇ ಇಟ್ಟು, ಸೈಕಲ್ ಗಂಟೆ ಬಾರಿಸಿ ಓಡಿಹೋಗತೊಡಗಿದ. ಆದರೆ ಆ ಉಣ್ಣೆಯನ್ನು ಎತ್ತಿ ಬಿಸಿನೀರಿಗೆ ಹಾಕಿದಾಗ, ಹಿಂದೆ ನಾಲ್ಕು ಹಿಡಿ ಸೋಪು ಬೇಕಾಗುತ್ತಿದ್ದ ಕಡೆ ಒಂದೂವರೆ ಹಿಡಿ ಸಾಕಾಯಿತು. ಎರಡು ಸಲ ಕುದಿಸುತ್ತಿದ್ದದ್ದು ಒಂದು ಸಲಕ್ಕೆ ಮುಗಿಯಿತು. ಸೌದೆಯ ರಾಶಿ ಕರಗುವುದು ನಿಧಾನವಾದದ್ದನ್ನು ಕಂಡು ಜಿಡ್ಡಪ್ಪ, ಇಷ್ಟು ವರ್ಷ ಯಾವ ಸುಖಕ್ಕೆ ಸುಟ್ಟೆ ಎಂದು ತಲೆ ಕೆರೆದುಕೊಂಡ.

ಆ ವಾರದಲ್ಲೇ ಅಂಗಳದ ಕೆಳಗೆ ಮೂರು ಗುಂಡಿ ತೋಡಿದರು. ಮಣ್ಣು ಕೂರಲು ಒಂದು. ಬಿಸಿನೀರು ಆರಿ ಜಿಡ್ಡು ಕೆನೆಗಟ್ಟಲು, ಅಗಲವಾದ ಇನ್ನೊಂದು. ಜಲ್ಲಿ, ಇದ್ದಿಲು ತುಂಬಿದ್ದು ಮೂರನೆಯದು. ಅಲ್ಲಿಂದ ನೀರು ನೇರ ಹಳ್ಳಕ್ಕೆ ಹೋಗದೆ, ಯಾರಿಗೂ ಬೇಡವಾಗಿದ್ದ ಕಲ್ಲುಜಾಗದಲ್ಲಿ ಹರಡಿ ಇಂಗುವ ಹಾಗೆ ಮಾಡಿದರು. ಅಲ್ಲಿ ಹುಲ್ಲು ನೆಟ್ಟರು. ನೆನೆಸಿದ ತೊಟ್ಟಿಯ ನೀರನ್ನೂ ಅದಕ್ಕೇ ಬಿಟ್ಟರು. ಹುಲ್ಲು ನಾತಕ್ಕೆ ಮೂಗು ಮುಚ್ಚಿಕೊಳ್ಳಲಿಲ್ಲ, ದಿನಕ್ಕೊಂದು ಬೆರಳು ಬೆಳೆಯಿತು.

ಆದರೆ ಒಂದು ತೊಂದರೆ ಉಳಿಯಿತು. ಗುಂಡಿಯ ಮೇಲಿನ ಜಿಡ್ಡನ್ನು ದಿನವೂ ತೆಗೆಯಲು ಇಬ್ಬರು ಹೆಂಗಸರು ಬೇಕು. ಆ ಇಬ್ಬರು ಉಣ್ಣೆ ತೊಳೆಯುವಂತಿಲ್ಲ. ಜಿಡ್ಡಪ್ಪ ಮಗ್ಗದ ಸಾಹುಕಾರನ ಹತ್ತಿರ ಹೋಗಿ, ನೀರು ಶುದ್ಧ ಮಾಡುತ್ತಿದ್ದೇವೆ, ಉಣ್ಣೆಗೆ ಸ್ವಲ್ಪ ಹೆಚ್ಚು ಕೊಡಿ ಎಂದು ಕೇಳಿದ.

"ಒಳ್ಳೇದೇ ಮಾಡಿದೀಯ," ಅಂದ ಸಾಹುಕಾರ. "ಆದ್ರೆ ಹಳ್ಳ ಚೆನ್ನಾಗಿದ್ರೆ ನನಗೇನಪ್ಪ? ನಾನೇನು ಬಾತಾ?"

ಸೌದೆ, ಸೋಪಿನಲ್ಲಿ ಉಳಿದದ್ದು ಒಬ್ಬಳ ಕೂಲಿಗೆ ಸಾಕಿತ್ತು, ಇಬ್ಬರಿಗಲ್ಲ. ಒಬ್ಬಳನ್ನು ಕೆಲಸದಿಂದ ಬಿಡಿಸಬೇಕು, ಅದನ್ನು ಯಾವ ಬಾಯಲ್ಲಿ ಹೇಳುವುದು ಎಂದು ಅವನು ಅನ್ನ ಕಲಸುತ್ತಾ ಕೂತುಬಿಡುತ್ತಿದ್ದ. ಇದೊಂದು ಸಲ ಹೇಳದೆಯೇ ದಾಟಿಸೋಣ, ಮರಿ ನೀರಿಗಿಳಿಯಲಿ, ಆಮೇಲೆ ನೋಡಿದರಾಯಿತು ಎಂದು ದಿನ ದೂಡಿದ.

ತೆಗೆದ ಜಿಡ್ಡನ್ನು ಎಲ್ಲಿ ಹಾಕುವುದೆಂದೂ ತಿಳಿಯಲಿಲ್ಲ. ಹೂತರೆ ನೆಲ ಕುಡಿಯದು, ಸುಟ್ಟರೆ ಊರು ಬಿಡದು. ಹೆಂಡತಿಯೇ ಒಂದು ದಾರಿ ಹೇಳಿದಳು. ಉಪ್ಪುನೀರಲ್ಲಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದರೆ ನಾತ ಹೋಗುತ್ತದೇನೋ ಎಂದು ದೊಡ್ಡಮ್ಮನ ಜೊತೆ ಸೇರಿ ನೋಡಿದಳು. ಮೂರು ಸಲ ಸೋಸಿದ ಮೇಲೆ ಅದು ಮೇಣದಂಥ ಹಳದಿ ಮುದ್ದೆಯಾಯಿತು. ವಾಸನೆ ಇಲ್ಲವೆನ್ನುವಷ್ಟಾಯಿತು. ತಗಡಿನ ಡಬ್ಬಿಗಳಲ್ಲಿ ತುಂಬಿ ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ಜೋಡಿಸಿದರು.

"ಯಾರಾದ್ರೂ ಬೆಣ್ಣೆ ಅಂತ ಬಾಯಿಗಿಟ್ಟಾರು. ಮೇಲೆ ಏನಾದ್ರೂ ಬರೆಸ್ರಿ," ಅಂದಳು ಹೆಂಡತಿ.

ಗಾಡಿಯ ಹಲಗೆಗೆ ಬಣ್ಣ ಹಚ್ಚಲು ಬಂದಿದ್ದ ಬೋರ್ಡು ಬರೆಯುವವನು ಅಲ್ಲೇ ಇದ್ದ. ಡಬ್ಬಿಗಳ ಮೇಲೆ 'ಕೊಳೆ' ಅಂತ ಬರಿ ಎಂದು ಅವನಿಗೆ ಹೇಳಿದರು. ಅವನು ಹಾಡು ಗುನುಗುತ್ತ, ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ದುಂಡಗೆ ಬರೆದುಹೋದ. ಅದರಲ್ಲಿ ಏನಿದೆಯೆಂದು ಮನೆಯವರಿಗೆ ಗೊತ್ತಿದ್ದದ್ದರಿಂದ ಯಾರೂ ಅದನ್ನು ಓದಲಿಲ್ಲ.

ಕಾವಿನ ಹನ್ನೆರಡನೆಯ ದಿನ ಅಕ್ಕ ಗುಂಡಿ ನೋಡಲು ಬಂದಳು. ಗುಂಡಿಗೆ ಹೋಗುವ ಮೊದಲೇ ಜಗಲಿ ಕಣ್ಣಿಗೆ ಬಿತ್ತು.

"ಭೇಷ್!" ಅಂದಳು. "ಅಲ್ಲಿ ನನ್ನ ಬಾತು ಮುಳುಗ್ತಿದ್ರೆ ನೀನಿಲ್ಲಿ ಮುಖಕ್ಕೆ ಹಚ್ಚೋದು ತಯಾರು ಮಾಡ್ತಿದೀಯಾ?"

"ಏನಂತೀಯಕ್ಕ? ಯಾವ ಮುಖ?" ಅವನು ಗುಂಡಿಯೊಳಗೆ ಸೊಂಟದವರೆಗೆ ಇಳಿದಿದ್ದ.

"ನಿನ್ನ ಮುಖ! ಇದನ್ನ ಜಪ್ತಿ ಮಾಡಿದೀನಿ, ತಿಳ್ಕೋ." ಒಂದು ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು, ಅವನು ಮೇಲೆ ಬರುವಷ್ಟರಲ್ಲಿ ಹೊರಟೇಹೋಗಿದ್ದಳು.

ಇಪ್ಪತ್ತನೆಯ ದಿನ ಮತ್ತೆ ಬಂದಳು. ಈ ಸಲ ಜಗಲಿಯ ಮೇಲೆ ಕೂತು, ಕಾಲು ಚಾಚಿ, ಹಿಮ್ಮಡಿ ತಮ್ಮನ ಕಡೆ ತಿರುಗಿಸಿದಳು.

"ಮುಟ್ಟಿ ನೋಡು."

ಕೊಳದ ಕೆಸರಲ್ಲಿ ನಿಂತು ನಿಂತು ಬಿರಿದು, ಹೊಲದ ಬಿರುಕಿನ ಹಾಗಿದ್ದ ಹಿಮ್ಮಡಿ ಕೂಡಿಕೊಂಡು ನುಣ್ಣಗಾಗಿತ್ತು.

"ಜಪ್ತಿ ಮಾಡಿದ್ದು ಸುಮ್ನೆ ಹಾಳಾಗಬಾರದು ಅಂತ ಹಚ್ಕೊಂಡೆ. ಸಂತೆಯಲ್ಲಿ ಮೊಟ್ಟೆ ಮಾರೋವಾಗ ಇಟ್ಟಿಗೆ ಗೂಡಿನ ಹೆಂಗಸರು ನೋಡಿದ್ರು. ಗದ್ದೆ ನಾಟಿಯವರು ನೋಡಿದ್ರು. ಏಳು ಡಬ್ಬಿ ಬೇಕಂತೆ. ನಿನ್ನ ಕಳೆಗೆ ಏನು ತಗೋತೀಯ ಹೇಳು."

"ನನ್ನ ಏನಕ್ಕ?"

"ಕಳೆ ಕಣೋ! ಡಬ್ಬಿ ಮೇಲೆ ಬರೆದಿದೆಯಲ್ಲ."

"ಅಕ್ಕ, ಅದು ಕೊಳೆ! ಗುಂಡಿ ಕೊಳೆ! ಕುರಿ ಮೈದು!"

ಅಕ್ಕ ಚಾಚಿದ ಕಾಲನ್ನು ಸರ್ರನೆ ಒಳಗೆಳೆದುಕೊಂಡಳು. ಕೈ ತಾನಾಗಿ ಕೆನ್ನೆಗೆ ಹೋಯಿತು. "ಅಯ್ಯೋ ಪಾಪಿ! ಮುಖಕ್ಕೂ ಹಚ್ಕೊಂಡೆನಲ್ಲೋ!"

ಎಲ್ಲರೂ ಡಬ್ಬಿಗಳ ಹತ್ತಿರ ಓಡಿದರು. ಇಷ್ಟು ದಿನ ಎದುರಿಗೇ ಇದ್ದ ಮುಚ್ಚಳಗಳನ್ನು ಅವತ್ತು ಮೊದಲ ಸಲ ಓದಿದರು. ಸಾಲಾಗಿ, ದುಂಡಗೆ, ಕೆಂಪಗೆ: ಕಳೆ, ಕಳೆ, ಕಳೆ. ದೊಡ್ಡಮ್ಮ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. "ಅತ್ತಿಗೆ, ಮುಖದಲ್ಲಿ ಕಳೆ ಬಂದಿರೋದಂತೂ ನಿಜ," ಎಂದು ತಮ್ಮನ ಹೆಂಡತಿ ಹೇಳಿದಾಗ ಅಕ್ಕನಿಗೂ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ.

ಬೋರ್ಡು ಬರೆಯುವವನನ್ನು ಕರೆಸಿದರು.

"ಕ ಅಕ್ಷರಕ್ಕೆ ಓತ್ವ ಎಲ್ಲೋಯ್ತಪ್ಪ?" ಎಂದು ಕೇಳಿದ ಜಿಡ್ಡಪ್ಪ.

ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು, ತಲೆ ವಾರೆ ಮಾಡಿ ನೋಡಿದ. "ಮುಚ್ಚಳ ಚಿಕ್ಕದು ಸ್ವಾಮಿ. ಓತ್ವ ಹಿಡಿಸ್ಲಿಲ್ಲ. ಹೇಗೂ ಮನೆಯವರೇ ಅಲ್ವಾ, ಸೇರಿಸ್ಕೊಂಡು ಓದ್ಕೋತೀರಿ ಅಂದ್ಕೊಂಡೆ. ಈಗ ತುರುಕಲಾ?"

"ಕುಂಚ ಮುಟ್ಟಿದ್ರೆ ಕೈ ಮುರೀತೀನಿ!" ಅಂದಳು ಅಕ್ಕ.

ಜಿಡ್ಡಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ. ಗುಂಡಿಯಿಂದ ತೆಗೆದದ್ದನ್ನು ಹೇಳದೆ ಮಾರುವುದು ಅವನಿಗಾಗದು. ಕೊನೆಗೆ ಮುಚ್ಚಳವನ್ನು ಹಾಗೇ ಬಿಟ್ಟು, ಡಬ್ಬಿಯ ಹೊಟ್ಟೆಯ ಮೇಲೆ ಬರೆಸಿದ: 'ಉಣ್ಣೆಯ ಕೊಳೆಯಿಂದ ತೆಗೆದದ್ದು. ಒಡೆದ ಕೈಕಾಲಿಗೆ. ತಿನ್ನಬಾರದು.' ಈ ಸಲ ಬೋರ್ಡಿನವನು ಓತ್ವವನ್ನು ಆನೆಯ ಸೊಂಡಿಲಿನಷ್ಟು ಉದ್ದ ಎಳೆದ. ಕೊಳೆಯೆಂದು ಓದಿಯೂ ಜನ ಹಿಂದೆ ಸರಿಯಲಿಲ್ಲ. ಇಟ್ಟಿಗೆ ಗೂಡಿನವರು ಬಂದರು, ಬಟ್ಟೆ ಒಗೆಯುವವರು ಬಂದರು. ಮಗ್ಗದ ಸಾಹುಕಾರನೂ ಒಂದು ಡಬ್ಬಿ ತರಿಸಿಕೊಂಡ. ನೂಲೆಳೆದು ಅವನ ನೇಕಾರರ ಬೆರಳು ಸೀಳಿರುತ್ತಿತ್ತು. ಗುಂಡಿಯ ಕೆಲಸಕ್ಕೆ ಇಬ್ಬರು ಸಾಲದೆ ಮೂರನೆಯವಳನ್ನು ಕರೆಯಬೇಕಾಯಿತು. ಆಡಬೇಕೆಂದು ಇಷ್ಟು ದಿನ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತನ್ನು ಜಿಡ್ಡಪ್ಪ ನುಂಗಿಬಿಟ್ಟ. ಅವತ್ತು ಅನ್ನ ಎರಡು ಸಲ ಬಡಿಸಿಕೊಂಡ.

ಇಪ್ಪತ್ತೊಂಬತ್ತನೆಯ ಬೆಳಿಗ್ಗೆ ಎಲ್ಲರೂ ಕೊಳದ ದಂಡೆಯಲ್ಲಿದ್ದರು. ಹನ್ನೊಂದರಲ್ಲಿ ಒಂಬತ್ತು ಮರಿಯಾಗಿದ್ದವು. ಮೇಷ್ಟ್ರು ಆಗಲೇ ನೀರಿನಲ್ಲಿತ್ತು. ಅದರ ಪಕ್ಕೆ ಪೂರ್ತಿ ಕಾಣುತ್ತಿತ್ತು. ಆದರೆ ಅದು ದೊಡ್ಡದು. ಮರಿಗಳ ಮಾತೇ ಬೇರೆ. ಜಿಡ್ಡಪ್ಪ ಅಕ್ಕನನ್ನು ನೋಡಿದ. ಅಕ್ಕ ಕೊಳವನ್ನು ನೋಡುತ್ತಿದ್ದಳು.

ತಾಯಿ ಇಳಿಯಿತು. ಹಿಂದೆಯೇ ಹಳದಿ ನೂಲಿನುಂಡೆಗಳು ಒಂದೊಂದಾಗಿ ಉರುಳಿದವು. ಎಂಟು ತೇಲಿದವು. ಒಂಬತ್ತನೆಯದು ದಂಡೆಯಲ್ಲಿ ಹಿಂದೆ ಮುಂದೆ ನೋಡಿ, ಕಾಲು ಜಾರಿ ಬಿದ್ದು, ಪೂರ್ತಿ ಕಾಣೆಯಾಯಿತು.

"ಅಯ್ಯೋ!" ಅಂದ ಜಿಡ್ಡಪ್ಪ. ಒಂದು ಕಾಲು ನೀರಿಗಿಟ್ಟೇಬಿಟ್ಟ.

ಒಂದು ಮಾರು ಆಚೆ ಅದು ಬುಳಕ್ಕೆಂದು ಮೇಲೆ ಬಂತು. ಮೈ ಕೊಡವಿತು. ಹನಿಗಳು ಮಣಿಗಳಾಗಿ ಉರುಳಿಹೋದವು, ಮೈಮೇಲೆ ಒಂದೂ ನಿಲ್ಲಲಿಲ್ಲ. ಇನ್ನೊಂದು ಸಲ, ಈಗ ಬೇಕೆಂದೇ ಮುಳುಗಿತು.

"ಮುಳುಗ್ಲಿಲ್ಲ ಕಣೋ ಪೆದ್ದ, ಆಡ್ತಿದೆ!" ಅಕ್ಕ ತಮ್ಮನ ಬೆನ್ನಿಗೆ ರಪ್ಪೆಂದು ಹೊಡೆದಳು. ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಮೂಗೊರೆಸಿಕೊಂಡು ಅಂದಳು, "ಟ್ರಂಕು ಕಟ್ಟಿಟ್ಟಿದ್ದೆ. ಇನ್ನು ಎಲ್ಲಾ ಬಿಚ್ಚಬೇಕು."

"ನಡೀರಿ ಅತ್ತಿಗೆ," ಅಂದಳು ತಮ್ಮನ ಹೆಂಡತಿ ಆಗಲೇ ಸೆರಗು ಸಿಕ್ಕಿಸಿಕೊಳ್ಳುತ್ತ, "ಬಿಚ್ಚೋಕೆ ನಾನೂ ಬರ್ತೀನಿ!"