ಸಿಗ್ನೆಯ ಪಥ್ಯ

ಕಾದ ಹೆಂಚಿನ ಮೇಲೆ ಉದುರಿದ ಒಣಹಿಟ್ಟು ಕಂದು ಬಣ್ಣಕ್ಕೆ ತಿರುಗುವಾಗ ಏಳುವ ವಾಸನೆ ಆರ್ಡಿಸಳ ಮಟ್ಟಿಗೆ ಅವಳ ಅಮ್ಮನ ವಾಸನೆ. ನವೆಂಬರಿನಲ್ಲಿ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಲೆಫ್ಸೆ ಮಾಡುತ್ತಿದ್ದರು. ಬೇಯಿಸಿದ ಆಲೂಗಡ್ಡೆಗೆ ಕೆನೆ, ಬೆಣ್ಣೆ, ಹಿಟ್ಟು ಸೇರಿಸಿ ನಾದಿ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಲಟ್ಟಿಸಿದ ರೊಟ್ಟಿ ಅದು. ಉದ್ದನೆಯ ಚಪ್ಪಟೆ ಕೋಲಿನಿಂದ ಅದನ್ನು ಮಗುಚುತ್ತಿದ್ದ ಅಮ್ಮ, ಹರಿದುಹೋದ ಮೊದಲ ಲೆಫ್ಸೆಗೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ, ಯಾರೂ ನೋಡದ ಹಾಗೆ ಪುಟ್ಟ ಆರ್ಡಿಸಳ ಕೈಗೆ ಇಡುತ್ತಿದ್ದಳು.

ಈಗ ಅದೇ ಮೆಟ್ಟಿಲುಗಳನ್ನು ಇಳಿಯುವಾಗ ಅದೇ ವಾಸನೆ ಮೇಲೆದ್ದು ಬಂತು. ಆರ್ಡಿಸ್ ಒಂದು ಗಳಿಗೆ ನಿಂತಳು. ಅವಳ ಒಂದು ಕೈಯಲ್ಲಿ ಎಂಟು ವರ್ಷದ ಮೊಮ್ಮಗಳು ಸಿಗ್ನೆಯ ಕೈ ಇತ್ತು, ಇನ್ನೊಂದರಲ್ಲಿ ಸಿಗ್ನೆಯ ಊಟದ ಡಬ್ಬಿ.

"ಅಜ್ಜಿ, ಹೆದರಿಕೆ ಆಗ್ತಿದೆಯಾ?" ಎಂದಳು ಸಿಗ್ನೆ.

"ಮಂಡಿ ನೋವು ಕಣೇ."

"ಸುಳ್ಳು. ಮಂಡಿ ನೋವಾದ್ರೆ ನೀನು ಬೈತೀಯ."

ಹೋದ ವರ್ಷ ಇಬ್ಬರೂ ಇಲ್ಲಿಗೆ ಬಂದಿರಲಿಲ್ಲ. ಆಗ ಸಿಗ್ನೆಗೆ ದಿನವೂ ಮೂರ್ಛೆ ಬರುತ್ತಿತ್ತು. ಶಾಲೆಯ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಒಮ್ಮೆ ಹಾಡುತ್ತ ಹಾಡುತ್ತಲೇ ಬಿದ್ದಿದ್ದಳು. ಒಂದಾದ ಮೇಲೊಂದು ಔಷಧ ಬದಲಾಯಿಸಿದರೂ ಕೂಸು ತೂಕಡಿಸುವುದು ಹೆಚ್ಚಾಯಿತೇ ಹೊರತು ಬೀಳುವುದು ನಿಲ್ಲಲಿಲ್ಲ. ಕಡೆಗೆ ದೊಡ್ಡ ಆಸ್ಪತ್ರೆಯ ವೈದ್ಯರು ಕೀಟೋಜೆನಿಕ್ ಪಥ್ಯ ಹಿಡಿಸಿದರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಆರ್ಡಿಸಳಿಗೆ ಅದರ ಲೆಕ್ಕಾಚಾರ ಬೇಗ ತಿಳಿಯಿತು, ಮನಸ್ಸಿಗೆ ಒಪ್ಪಿಗೆಯಾಗಲು ಮಾತ್ರ ತಡವಾಯಿತು. ಬ್ರೆಡ್ಡು, ಆಲೂಗಡ್ಡೆ, ಹಣ್ಣು ಎಲ್ಲವೂ ಹೊಟ್ಟೆಯೊಳಗೆ ಸಕ್ಕರೆಯಾಗುತ್ತವೆ. ಮೆದುಳು ನಡೆಯುವುದು ಆ ಸಕ್ಕರೆಯ ಮೇಲೆ. ಅದನ್ನು ಹೆಚ್ಚುಕಡಿಮೆ ನಿಲ್ಲಿಸಿ ಬರೀ ಕೊಬ್ಬನ್ನೇ ಕೊಡುತ್ತ ಹೋದರೆ, ದೇಹ ಉಪವಾಸ ಕೂತವರ ದೇಹದಂತೆ ನಡೆದುಕೊಳ್ಳುತ್ತದೆ. ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಬೇರೆ ಉರುವಲು ಮಾಡಿ ಮೆದುಳಿಗೆ ಕಳಿಸುತ್ತದೆ. ಆ ಉರುವಲಿನಲ್ಲಿ ಕೆಲವು ಮಕ್ಕಳ ಮೂರ್ಛೆ ಯಾಕೆ ತಗ್ಗುತ್ತದೆ ಎಂದು ಕೇಳಿದಾಗ, "ಪೂರ್ತಿ ನಮಗೂ ಗೊತ್ತಿಲ್ಲ" ಎಂದಿದ್ದರು ವೈದ್ಯರು. ಹಾಗೆ ಒಪ್ಪಿಕೊಂಡದ್ದಕ್ಕೇ ಆರ್ಡಿಸ್ ಅವರನ್ನು ನಂಬಿದಳು.

ಅಂದಿನಿಂದ ಸಿಗ್ನೆಯ ತಾಯಿ ಬೆಣ್ಣೆ ಕಾರ್ಖಾನೆಯ ಕೆಲಸಕ್ಕೆ ಹೋದಾಗ ಅಡುಗೆಮನೆಯ ತಕ್ಕಡಿ ಆರ್ಡಿಸಳ ಕೈಗೆ ಬಂತು. ಪ್ರತಿ ತುತ್ತನ್ನೂ ತೂಗಬೇಕು, ತೂಗಿದ್ದನ್ನು ಒಂದು ಹನಿ ಬಿಡದೆ ತಿನ್ನಿಸಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಸಿಗ್ನೆ ಬೀಳುವುದು ನಿಂತಿತ್ತು. ಆಮೇಲೆ ಬಿದ್ದಿಲ್ಲ.

ನೆಲಮಾಳಿಗೆಯಲ್ಲಿ ವರ್ನಾ ವಿದ್ಯುತ್ ಹೆಂಚಿನ ಮುಂದೆ ನಿಂತಿದ್ದಳು. ಅವಳೂ ಆರ್ಡಿಸಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈ ಅಡುಗೆಮನೆಯಲ್ಲಿ ವರ್ನಾ ಹೇಳಿದ್ದೇ ನಡೆಯುವುದು. ಅವಳ ಹೆಂಚನ್ನು ಪಾದ್ರಿಗಳು ಕೂಡ ಮುಟ್ಟುವಂತಿರಲಿಲ್ಲ.

"ಬಾ ಮರಿ," ಎಂದು ವರ್ನಾ ಹಿಟ್ಟಿನ ಕೈಯಲ್ಲೇ ಸಿಗ್ನೆಯ ಕೆನ್ನೆ ಸವರಿದಳು. ಆಮೇಲೆ ಆರ್ಡಿಸಳನ್ನು ಪಕ್ಕಕ್ಕೆ ಕರೆದಳು. "ಮಧ್ಯಾಹ್ನದ ಊಟಕ್ಕೆ ಇವಳಿಗೆ ಮೇಲ್ಗಡೆ ಸಂಡೇ ಸ್ಕೂಲಿನ ರೂಮಲ್ಲಿ ಮೇಜು ಹಾಕ್ಸಿದೀನಿ. ಹೂವೂ ಇಟ್ಟಿದೀನಿ. ಉಳಿದ ಮಕ್ಕಳು ತಿನ್ನೋದನ್ನ ನೋಡ್ಕೊಂಡು ಪಾಪ ಹೇಗೆ ಕೂತಿರ್ತಾಳೆ?"

"ಕಣ್ಣಿಂದ ನೋಡ್ಕೊಂಡು," ಎಂದಳು ಆರ್ಡಿಸ್. "ಇಲ್ಲೇ ಕೂರ್ತಾಳೆ. ಎಲ್ಲರ ಜೊತೆ."

"ಹಟ ಮಾಡ್ಬೇಡ ಕಣೇ."

"ಹಟವೇ. ಮೊದಲು ಬೀಳ್ತಾಳೆ ಅಂತ ದೂರ ಕೂರಿಸ್ತಿದ್ರು. ಈಗ ಬೀಳ್ತಿಲ್ಲ. ಈಗ್ಲೂ ದೂರಾನಾ?"

ಲಟ್ಟಿಸುತ್ತಿದ್ದ ಲವೋನ್ ತಲೆಯೆತ್ತದೆ ನಡುವೆ ಬಾಯಿ ಹಾಕಿದಳು. "ನಮ್ಮ ಅಳಿಯಾನೂ ಮಾಡಿದ್ದ ಈ ಕೀಟೋ ಪಥ್ಯಾನ. ಹೊಟ್ಟೆ ಕರಗಿಸ್ತೀನಿ ಅಂತ ಬೆಳಗ್ಗೆ ಹಂದಿಕೊಬ್ಬಿನ ಬೇಕನ್, ಸಂಜೆ ಬೇಕನ್. ಹೊಟ್ಟೆ ಕರಗ್ಲಿಲ್ಲ, ನನ್ನ ಮಗಳ ತಾಳ್ಮೆ ಕರಗಿತು."

ಎಲ್ಲರೂ ನಕ್ಕರು. ಆರ್ಡಿಸಳೂ ನಕ್ಕಳು. "ನಿನ್ನ ಅಳಿಯ ಮಾಡಿದ್ದು ಬೇರೆ ಲವೋನ್. ಅವನಿಗೆ ಬೇಜಾರಾದ್ರೆ ಬಿಡಬಹುದು. ಇದು ಔಷಧ. ರಕ್ತ ಪರೀಕ್ಷೆ, ವಿಟಮಿನ್ ಮಾತ್ರೆ, ಡಾಕ್ಟರ ಕಣ್ಣು ಇಲ್ಲದೆ ಯಾವ ಮಗುವಿಗೂ ಮಾಡೋ ಹಾಗಿಲ್ಲ."

"ಔಷಧ ಅಂತೀಯ," ಎಂದಳು ವರ್ನಾ ಮೆಲ್ಲಗೆ. "ಸೆಪ್ಟೆಂಬರಲ್ಲಿ ಆ ಕೂಸಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿ ಅಳ್ತಿದ್ದಾಗ ಆಸ್ಪತ್ರೆಗೆ ಕಾರು ಓಡಿಸಿದ್ದು ನಾನೇ. ನಾನು ಮರೆತಿಲ್ಲ."

ಆರ್ಡಿಸಳಿಗೆ ಅದು ತಾಗಿತು. ಅವಳೂ ಮರೆತಿರಲಿಲ್ಲ. ಕಲ್ಲು, ಮಲಬದ್ಧತೆ, ಏರಿದ ಕೊಲೆಸ್ಟರಾಲು. ಸಿಗ್ನೆ ಎತ್ತರದಲ್ಲೂ ತನ್ನ ತರಗತಿಯ ಮಕ್ಕಳಿಗಿಂತ ಹಿಂದೆ ಬಿದ್ದಿದ್ದಳು. ಆಸ್ಪತ್ರೆಯವರು ಇವನ್ನೆಲ್ಲ ಮೊದಲೇ ಹೇಳಿದ್ದರು. ಕಲ್ಲಾದ ಮೇಲೆ ನೀರು ಹೆಚ್ಚಿಸಿ, ಒಂದು ಔಷಧ ಸೇರಿಸಿ, ಪಥ್ಯ ಮುಂದುವರಿಸಿದ್ದರು. ಎಲ್ಲ ಸರಿಹೋದರೆ ಇನ್ನೊಂದು ವರ್ಷದ ಮೇಲೆ ನಿಧಾನವಾಗಿ ಬಿಡಿಸುವ ಮಾತಿತ್ತು. ಆದರೂ ಕಣ್ಣು ಮುಚ್ಚಿದರೆ ಅವಳಿಗೆ ಆ ಅಳು ಕೇಳುತ್ತಿತ್ತು.

"ನಾನೂ ಮರೆತಿಲ್ಲ," ಎಂದಳು. "ಎರಡನ್ನೂ ತೂಗಿ ನೋಡಿದೀವಿ ವರ್ನಾ. ಬೀಳೋದೇ ಭಾರ."

ವರ್ನಾ ಹೆಂಚಿನ ಕಡೆ ತಿರುಗಿದಳು.

ಊಟದ ಹೊತ್ತಾಗುತ್ತಿತ್ತು. ಆರ್ಡಿಸ್ ಉದ್ದನೆಯ ಮೇಜಿನ ಮೇಲೆ ಡಬ್ಬಿ ಬಿಚ್ಚಿದಳು: ಗಾಜಿನ ಬಾಟಲಿಯಲ್ಲಿ ಗಟ್ಟಿ ಕೆನೆ, ಬೆಣ್ಣೆಯಲ್ಲಿ ಹುರಿದ ಕೋಳಿಮಾಂಸದ ನಾಲ್ಕು ತುಂಡು, ಒಂದಿಷ್ಟು ಎಲೆಕೋಸು, ಬಟ್ಟಲು ಬಳಿಯಲು ಒಂದು ರಬ್ಬರಿನ ಸೌಟು. ಸಿಗ್ನೆ ಕಾಣಲಿಲ್ಲ. ಸುತ್ತ ನೋಡಿದರೆ, ಕೋಟು ತೂಗುಹಾಕುವ ಮೂಲೆಯಿಂದ ಅವಳು ಬರುತ್ತಿದ್ದಳು. ಎರಡೂ ಅಂಗೈ ಸೇರಿಸಿ ಹಕ್ಕಿಮರಿ ಹಿಡಿದ ಹಾಗೆ ಒಂದು ಲೆಫ್ಸೆ ಸುರುಳಿ ಹಿಡಿದಿದ್ದಳು. ಆರ್ಡಿಸ್ ಬಾಗಿ ನೋಡಿದಳು. ಸುರುಳಿಯ ತುದಿ ಇಡಿಯಾಗಿತ್ತು, ಕಚ್ಚಿರಲಿಲ್ಲ.

"ವರ್ನಾ ಅಜ್ಜಿ ಕೊಟ್ರು," ಎಂದು ಸಿಗ್ನೆ ಅದನ್ನು ಮೇಜಿನ ಮೇಲಿಟ್ಟಳು. "ನನಗೆ ಬೇಡ."

ವರ್ನಾ ಹಿಂದೆಯೇ ಓಡಿಬಂದಳು. ಮುಖ ಕೆಂಪಾಗಿತ್ತು. "ಸಕ್ಕರೆ ಹಾಕಿಲ್ಲ ಆರ್ಡಿಸ್. ಒಂದು ಕಾಳೂ ಹಾಕಿಲ್ಲ. ಇವಳಿಗೇ ಅಂತ ಬೇರೆ ಮಾಡ್ದೆ. ಬರೀ ಆಲೂಗಡ್ಡೆ, ಹಿಟ್ಟು, ಬೆಣ್ಣೆ."

ಆ ಊರಿನಲ್ಲಿ ಯಾರಿಗೂ ಆಲೂಗಡ್ಡೆ ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಆಲೂಗಡ್ಡೆಯೆಂದರೆ ಊಟ, ಲೆಫ್ಸೆಯೆಂದರೆ ಪ್ರೀತಿ. ಆರ್ಡಿಸಳ ಬಾಯಿಗೆ ಬಂದಿದ್ದ ಕಟುಮಾತು ಅಲ್ಲೇ ನಿಂತಿತು. "ಆಲೂಗಡ್ಡೆ ಒಳಗೆ ಹೋದ್ಮೇಲೆ ಸಕ್ಕರೇನೇ ವರ್ನಾ. ಹಿಟ್ಟೂ ಅಷ್ಟೇ. ಇದೊಂದು ತಿಂದ್ರೆ ಇಷ್ಟು ದಿನ ಕಟ್ಟಿದ್ದು ಕುಸಿದು, ನಾಳೆ ಮತ್ತೆ ಬೀಳಬಹುದು."

"ವಾಸನೆ ಚೆನ್ನಾಗಿತ್ತು," ಎಂದಳು ಸಿಗ್ನೆ ವರ್ನಾಳ ಮುಖ ನೋಡಿ. "ಆದ್ರೆ ನಾನು ಬಿದ್ದಾಗ ಒಬ್ಬಳೇ ಎಲ್ಲಿಗೋ ಹೋಗ್ತೀನಿ. ಯಾರೂ ಜೊತೆಗೆ ಬರಲ್ಲ. ಅದಕ್ಕೇ ಬೇಡ." ಸ್ವಲ್ಪ ತಡೆದು, "ಮೇಲಿನ ರೂಮಿಗೂ ಹೋಗಲ್ಲ," ಎಂದು ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು.

ವರ್ನಾ ಆ ಸುರುಳಿಯನ್ನು ಅವಸರದಲ್ಲಿ ತೆಗೆಯಲು ಹೋದಳು. ಹಿಟ್ಟು ಮೆತ್ತಿದ ಅವಳ ತೋಳು ಬಾಟಲಿಗೆ ತಗುಲಿತು. ಅದು ಉರುಳಿ ಕೆನೆಯೆಲ್ಲ ಮಾಂಸದ ಮೇಲೆ, ಹಿಟ್ಟು ಚೆಲ್ಲಿದ ಮೇಜಿನ ಮೇಲೆ, ಅಲ್ಲಿಂದ ನೆಲಕ್ಕೆ ಹರಿಯಿತು.

ವರ್ನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಮನೆಗೆ ಕರ್ಕೊಂಡು ಹೋಗ್ತೀಯಾ?" ಎಂದಳು ಕೊನೆಗೆ.

ಹೋಗುವುದು ಸುಲಭವಿತ್ತು. ಮನೆ ಹತ್ತಿರ, ಕಾರು ಬಾಗಿಲಲ್ಲೇ ಇತ್ತು. ಆದರೆ ಬೆಂಚಿನ ಮೇಲೆ ಕೂತ ಸಿಗ್ನೆ ಕದಲಲಿಲ್ಲ. ಆರ್ಡಿಸಳೂ ಕದಲಲಿಲ್ಲ.

"ಇಲ್ಲ," ಎಂದಳು. "ಇಲ್ಲೇ ಮಾಡೋಣ. ತಕ್ಕಡಿ ನನ್ನ ಚೀಲದಲ್ಲಿದೆ. ನಿನ್ನ ಹತ್ರ ಕೆನೆ ಇದೆ, ಬೆಣ್ಣೆ ಇದೆ. ಮೊಟ್ಟೆ ಇದೆಯಾ? ಮೊಟ್ಟೆಯ ಊಟದ ತೂಕ ನನಗೆ ಬಾಯಿಪಾಠ. ಮೊಟ್ಟೆ ಒಂದು ಬಿಟ್ಟು ಉಳಿದದ್ದೆಲ್ಲ ಲೆಫ್ಸೆಗೆ ಹಾಕೋದೇ. ಆಲೂಗಡ್ಡೆ, ಹಿಟ್ಟು ಬಿಟ್ರಾಯ್ತು."

"ಹೆಂಚು?" ಎಂದಳು ಲವೋನ್.

ಎಲ್ಲರೂ ವರ್ನಾಳ ಕಡೆ ನೋಡಿದರು. ಲೆಫ್ಸೆ ದಿನದಲ್ಲಿ ಆ ಹೆಂಚು ಬೆಳಗ್ಗೆ ಕಾದರೆ ಸಂಜೆಯವರೆಗೆ ಆರುವಂತಿರಲಿಲ್ಲ. ಲಟ್ಟಿಸಿದ ರೊಟ್ಟಿಗಳು ಸಾಲಾಗಿ ಕಾಯುತ್ತಿದ್ದವು. ಬಿಟ್ಟರೆ ಒಣಗಿ ಬಿರಿಯುತ್ತವೆ. ವರ್ನಾ ಹೋಗಿ ಹೆಂಚಿನ ಗುಂಡಿ ತಿರುಗಿಸಿ ಆರಿಸಿದಳು. ಆರುವವರೆಗೂ ಕಾದು, ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ, ಬಿಳಿಯ ಒಂದು ಕಣ ಉಳಿಯದ ಹಾಗೆ ತಿಕ್ಕಿದಳು. ಲಟ್ಟಿಸಿದ್ದ ರೊಟ್ಟಿಗಳ ಮೇಲೆ ಲವೋನ್ ಯಾರೂ ಹೇಳದೆಯೇ ಒದ್ದೆ ಬಟ್ಟೆ ಹೊದಿಸಿ, ಫ್ರಿಜ್ಜಿನಿಂದ ಮೊಟ್ಟೆ ತಂದಳು.

"ಇನ್ನೊಂದು ಚೂರು," ಎನ್ನುತ್ತಿದ್ದಳು ಆರ್ಡಿಸ್ ತಕ್ಕಡಿ ನೋಡುತ್ತ. "ಸಾಕು. ಜಾಸ್ತಿ ಆಯ್ತು, ತೆಗಿ."

"ಇಷ್ಟು ಚೂರಿಗೆಲ್ಲ ಲೆಕ್ಕವೇನೇ?"

"ಇಷ್ಟು ಚೂರಿಗೇ ಲೆಕ್ಕ."

ವರ್ನಾ ಚಾಕುವಿನ ತುದಿಯಿಂದ ಬೆಣ್ಣೆಯ ಆ ಚೂರನ್ನು ತೆಗೆದಳು. ಮೊಟ್ಟೆ, ಕೆನೆ ಕಡೆದು ಮತ್ತೆ ಕಾಯಿಸಿದ ಹೆಂಚಿಗೆ ಹೊಯ್ದಳು. ಲೆಫ್ಸೆಯಷ್ಟೇ ತೆಳ್ಳಗೆ ಅದು ಹರಡಿಕೊಂಡಿತು. ಹಿಟ್ಟಿನ ವಾಸನೆಯಿರಲಿಲ್ಲ, ಬೆಣ್ಣೆ ಕಾಯುವ ವಾಸನೆ ಮಾತ್ರ ಎದ್ದಿತು. ಒರೆಸಿದ ಉದ್ದನೆಯ ಕೋಲನ್ನು ಅವಳು ಅದರ ಅಡಿಗೆ ತೂರಿಸಿ, ಐವತ್ತು ವರ್ಷದ ಅಭ್ಯಾಸದ ಕೈಯಿಂದ ಒಮ್ಮೆಗೇ ಮಗುಚಿದಳು. ಹರಿಯಲಿಲ್ಲ. ಉಳಿದ ಬೆಣ್ಣೆಯನ್ನು ಸವರಿ, ಸುರುಳಿ ಸುತ್ತಿ, ತಟ್ಟೆಯಲ್ಲಿಟ್ಟಳು. ಬಟ್ಟಲಿಗೆ ಅಂಟಿದ್ದನ್ನು ರಬ್ಬರಿನ ಸೌಟಿನಿಂದ ಬಳಿದು ಅದನ್ನೂ ಬೇಯಿಸಿ ಪಕ್ಕಕ್ಕೆ ಹಾಕಿದಳು.

ಅಷ್ಟರಲ್ಲಿ ಹೆಂಗಸರು, ಮಕ್ಕಳು ಉದ್ದನೆಯ ಮೇಜಿನ ಸುತ್ತ ಬಂದು ಕೂತಿದ್ದರು. ಯಾರೋ ಮೇಲಿನ ಕೋಣೆಯ ಹೂವನ್ನು ಕೆಳಗೆ ತಂದು ನಡುವೆ ಇಟ್ಟಿದ್ದರು. ಯಾರೂ ಊಟ ಶುರು ಮಾಡಿರಲಿಲ್ಲ.

ವರ್ನಾ ಬೆಂಚಿನ ಹಿಂದಿನಿಂದ ಬಾಗಿ, ಎಲ್ಲರೂ ನೋಡುತ್ತಿರುವಂತೆ, ಆ ತಟ್ಟೆಯನ್ನು ಸಿಗ್ನೆಯ ಕೈಗೆ ಕೊಟ್ಟಳು.