ಸಿಪ್ಪೆ ತೆಗೆದು ಬಂದ ಆಲೂಗಡ್ಡೆ

ಮೂವತ್ತೊಂದು ವರ್ಷ ನಾನು ರೈಲುಗಳ ವೇಳಾಪಟ್ಟಿ ಮಾಡಿದವಳು. ಯಾವ ರೈಲು ಎಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತದೆ ಎಂದು ಹುಡುಕಿ, ಆ ಎರಡು ನಿಮಿಷ ಕತ್ತರಿಸುವುದೇ ಉದ್ಯೋಗ. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. ನಮ್ಮೂರು ಗ್ರೋನಿಂಗನ್ನಿನ ಮೂರು ಸೇವಾಸಂಸ್ಥೆಗಳಲ್ಲಿ ಒಂದೊಂದು ವರ್ಷ ದುಡಿದು ಮೂರನ್ನೂ ಸರಿಪಡಿಸಿದೆ. ಮೂರೂ ಕಡೆಯವರು ಹೂಗುಚ್ಛ ಕೊಟ್ಟು ಬೀಳ್ಕೊಟ್ಟರು. ಯಾಕೆಂದು ನಾನು ಕೇಳಿಕೊಳ್ಳಲಿಲ್ಲ.

ನಾಲ್ಕನೆಯದು ಕಾಲುವೆ ಪಕ್ಕದ ಕೇರಿಮನೆ, ಸುತ್ತಲಿನವರೆಲ್ಲ ಸೇರುವ ಜಾಗ. ಪ್ರತಿ ಬುಧವಾರ ಅಲ್ಲಿ ಅರವತ್ತು ಜನಕ್ಕೆ ಬಿಸಿ ಊಟ. ನಡೆಸುವವಳು ಅಲೀದಾ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಹಲಗೆಯ ಮೇಲೆ ಹನ್ನೆರಡೂವರೆ ಎಂದು ಬರೆದಿದ್ದರೂ ತಟ್ಟೆ ಬರುತ್ತಿದ್ದದ್ದು ಒಂದು ಗಂಟೆಗೆ. ಕಾರಣ ಹುಡುಕಲು ನನಗೆ ಒಂದೇ ಬುಧವಾರ ಸಾಕಾಯಿತು. ಕಾರಣದ ಹೆಸರು ವೀಬೆ.

ವೀಬೆಗೆ ಎಂಬತ್ತೊಂದು. ಸರಕಿನ ದೋಣಿ ನಡೆಸಿದವರು, ಒಂಟಿ ಗಂಡಸು. ಬೆಳಿಗ್ಗೆ ಎಂಟಕ್ಕೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಚಾಕು ತಂದು, ಸಿಪ್ಪೆ ತೆಗೆಯಲು ಹದಿನೆಂಟು ಕಿಲೋ ಆಲೂಗಡ್ಡೆಯ ಮುಂದೆ ಕೂರುತ್ತಿದ್ದರು. ಒಂಬತ್ತರ ಹೊತ್ತಿಗೆ ಹಿಂಕೆ ಎಂಬ ವಿಧವೆ, ಆಮೇಲೆ ಇನ್ನೂ ನಾಲ್ಕೈದು ಜನ ಸುತ್ತ ಸೇರುತ್ತಿದ್ದರು. ಎರಡು ಆಲೂಗಡ್ಡೆಗೆ ಒಂದು ಕಥೆ. ಅರವತ್ತಾರರ ನನ್ನನ್ನು ವೀಬೆ ಹುಡುಗಿ ಎನ್ನುತ್ತಿದ್ದರು.

"ಹುಡುಗಿ, ಗಡಿಯಾರ ನೋಡಿದ್ರೆ ಆಲೂಗಡ್ಡೆ ಬೇಗ ಬೇಯಲ್ಲ."

ಊಟಕ್ಕೆ ಕೂತರೆ ತಟ್ಟೆ ಚಾಚಿ, "ದುಡಿದಿದೀನಿ, ಇನ್ನೊಂದು ಸೌಟು ಹಾಕು" ಎನ್ನುವರು. ವಾರದಲ್ಲಿ ಅವರು ಜನರ ಜೊತೆ ಕೂತು ಉಣ್ಣುತ್ತಿದ್ದದ್ದು ಅದೊಂದೇ ಹೊತ್ತು.

ಇರಲಾರದವರು ಇರುವೆ ಬಿಟ್ಟುಕೊಂಡರಂತೆ. ನಾನು ಒಬ್ಬ ಸಗಟು ವ್ಯಾಪಾರಿಯ ಹತ್ತಿರ ಮಾತಾಡಿ, ಸಿಪ್ಪೆ ತೆಗೆದು ತೊಳೆದ ಆಲೂಗಡ್ಡೆಯನ್ನು ಚೀಲದಲ್ಲಿ ಪುಕ್ಕಟೆ ಕಳಿಸುವಂತೆ ಮಾಡಿದೆ. ಅಲೀದಾ ರಜೆಯಲ್ಲಿದ್ದಳು, ಕೇಳುವವರು ಇರಲಿಲ್ಲ.

ಆ ಬುಧವಾರ ವೀಬೆ ಬಂದು ಚೀಲಗಳನ್ನು ನೋಡಿದರು. ಒಂದನ್ನು ಒತ್ತಿಯೂ ನೋಡಿದರು. "ಚೆನ್ನಾಗಿ ತೆಗ್ದಿದಾರೆ," ಎಂದರು. ಕಾಫಿ ಕುಡಿದು, ಬಟ್ಟಲು ತೊಳೆದಿಟ್ಟು, ಚಾಕು ಬಿಚ್ಚದೆ ಮನೆಗೆ ಹೋದರು. ಊಟ ಹನ್ನೆರಡೂವರೆಗೆ ಸರಿಯಾಗಿ ಬಂತು. ನಾನು ಹಿಗ್ಗಿದೆ, ಸುಳ್ಳು ಹೇಳಲಾರೆ.

ಮೂರು ಬುಧವಾರ ಅವರು ಬರಲಿಲ್ಲ. ಒಂಬತ್ತಕ್ಕೆ ಬಂದ ಹಿಂಕೆ ಖಾಲಿ ಮೇಜು ನೋಡಿ, ಮೂರೂ ಸಲ ಕೋಟು ಬಿಚ್ಚದೆ ನಿಂತು, ವಾಪಸು ಹೋದಳು. ರಜೆ ಮುಗಿಸಿ ಬಂದ ಅಲೀದಾ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ನಮ್ಮೂರಲ್ಲಿ ಸುತ್ತಿ ಬಳಸಿ ಹೇಳುವ ಪದ್ಧತಿಯಿಲ್ಲ.

"ಸಿಪ್ಪೆ ತೆಗೆದ ಆಲೂಗಡ್ಡೆ ತರಿಸೋಕೆ ನನಗೂ ಬರ್ತಿತ್ತು, ರೂಲಿ. ಆರು ವರ್ಷದಿಂದ ಬೇಕಂತಲೇ ತರಿಸಿಲ್ಲ. ಆ ಮನುಷ್ಯ ಬಿಟ್ಟಿ ಊಟಕ್ಕೆ ಬರೋರಲ್ಲ. ಹೋಗಿ ಕರ್ಕೊಂಡು ಬನ್ನಿ."

ಚೀಲಗಳು ಬರುವುದನ್ನು ನಿಲ್ಲಿಸಿ, ಸೈಕಲ್ ಹತ್ತಿ ಹೋದೆ. ವೀಬೆಯವರ ಮನೆ ಮೂರನೇ ಮಹಡಿಯಲ್ಲಿ. ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್ಡು, ಚೀಸು, ಒಂದು ತಟ್ಟೆ. ನನಗೆ ಕಾಫಿ ಕೊಟ್ಟರು, ಜೊತೆಗೆ ಒಂದು ಬಿಸ್ಕತ್ತು.

"ಆಲೂಗಡ್ಡೆ ಮೊದಲಿನ ಹಾಗೇ ಬರುತ್ತೆ," ಎಂದೆ. "ನೀವು ಬರಬೇಕು."

"ನನಗೋಸ್ಕರ ತರಿಸ್ತೀರಾ?"

ಇಲ್ಲ ಎನ್ನಬೇಕಿತ್ತು. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದೆ.

"ನೋಡು ಹುಡುಗಿ," ಎಂದರು, ಸಿಟ್ಟಿಲ್ಲದೆ. "ಆರು ವರ್ಷ ನಾನು ಅರವತ್ತು ಜನಕ್ಕೆ ಉಣಿಸ್ತಿದೀನಿ ಅಂದ್ಕೊಂಡಿದ್ದೆ. ನೀವೆಲ್ಲ ಸೇರಿ ನನಗೆ ಉಣಿಸ್ತಿದ್ರಿ ಅಂತ ಒಂದೇ ದಿನದಲ್ಲಿ ಗೊತ್ತಾಯ್ತು."

ನನಗೆ ನಾಚಿಕೆಯಾಯಿತು. ಕೆಲಸದಲ್ಲಿ ತಪ್ಪು ಮಾಡಿದಾಗಿನ ನಾಚಿಕೆಯಲ್ಲ, ಅದಕ್ಕೆ ತಿದ್ದುಪಡಿ ಇರುತ್ತದೆ. ರೈಲು ತಪ್ಪಿದವರಿಗೆ ಮುಂದಿನ ರೈಲು ತೋರಿಸಿ ಅಭ್ಯಾಸವಿದ್ದ ನನಗೆ ಇಲ್ಲಿ ತೋರಿಸಲು ಏನೂ ಇರಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದೆ.

"ಹಿಂಕೆ ಒಂಬತ್ತಕ್ಕೆ ಬಂದು ವಾಪಸ್ ಹೋಗ್ತಾಳೆ. ಉಳಿದವರೂ ಅಷ್ಟೇ. ನನ್ನ ಪಕ್ಕ ಯಾರೂ ಕೂರಲ್ಲ."

"ನಿನ್ನ ಪಕ್ಕ ಯಾರು ಕೂರ್ತಾರೆ? ಹೂಸು ಬಿಟ್ರೂ ಟೈಮ್ ನೋಡ್ತೀಯ." ಕಿಟಕಿಯ ಕಡೆ ತಿರುಗಿದರು. "ಹಿಂಕೆ ವಾಪಸ್ ಹೋಗ್ತಾಳಾ?"

"ಮೂರು ವಾರದಿಂದ."

ಮುಂದಿನ ಬುಧವಾರ ಎಂಟಕ್ಕೆ ವೀಬೆ ಬಂದರು. ಇನ್ನೊಂದು ಚಾಕು ನನ್ನ ಕೈಗೆ ಕೊಟ್ಟು ಎದುರು ಕೂರಿಸಿಕೊಂಡರು. ನಾನು ತೆಗೆದ ಸಿಪ್ಪೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ಅರ್ಧ ಆಲೂಗಡ್ಡೆ ಇದರಲ್ಲೇ ಇದೆ," ಎಂದರು. ಹಿಂಕೆ ಕಣ್ಣೀರು ಬರುವಷ್ಟು ನಕ್ಕಳು. ಮೇಜಿನ ಸುತ್ತ ಜಾಗವಿರಲಿಲ್ಲ. ಎಲ್ಲ ಮೊದಲಿನಂತಾಯಿತು ಎಂದುಕೊಂಡೆ.

ಹನ್ನೆರಡಕ್ಕೆ ಅವರು ಚಾಕು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿದರು. ಕೋಟು ಹಾಕಿಕೊಂಡರು.

"ಊಟ?" ಎಂದೆ.

"ಮನೇಲಿದೆ."

"ವೀಬೆ, ಇಷ್ಟೊತ್ತು ದುಡಿದಿದೀರಿ."

"ಇಲ್ಲಪ್ಪ," ಎಂದರು. "ಮಾತಾಡಿದೆ, ಅಷ್ಟೇ. ಅದಕ್ಕೆಲ್ಲ ಊಟ ಕೊಡ್ತಾರಾ?"

ಮನೆಯಲ್ಲಿ ಏನಿದೆ ಎಂದು ನಾನು ಕಣ್ಣಾರೆ ಕಂಡಿದ್ದೆ. ಹಿಂಕೆ ಕರೆದಳು, ಅಲೀದಾ ಬಾಗಿಲಿನ ತನಕ ಹೋದಳು. ಕೈಬೀಸಿ ಹೊರಟೇ ಹೋದರು.

ಇದು ಎರಡು ವರ್ಷದ ಹಿಂದಿನ ಮಾತು. ಇವತ್ತಿಗೂ ವೀಬೆ ಒಂದು ಬುಧವಾರವೂ ತಪ್ಪಿಸಿಲ್ಲ, ಒಂದು ತುತ್ತೂ ಉಂಡಿಲ್ಲ. ಅಲೀದಾ ಪ್ರತಿ ವಾರ ಅವರ ಜಾಗದಲ್ಲಿ ತಟ್ಟೆ ಇಡುತ್ತಾಳೆ. ಊಟ ಮುಗಿದ ಮೇಲೆ ಅದನ್ನು ತೆಗೆದು ಒಳಗಿಡುವುದು ನನ್ನ ಕೆಲಸ. ತೊಳೆಯಬೇಕಾಗಿಲ್ಲ.